ಲೊಕೇಲ್ ಕನ್ನಡಕ್ಕಿಟ್ಟರೆ ಅಕಾರಾದಿ ತಾನಾಗಿ ಸರಿಹೋಗುತ್ತದೆಯೇ?

ಮೈಸೂರು ಜಿಲ್ಲೆಯ ಎನ್. ಬೇಗೂರಿನ ಫಲಾನುಭವಿಗಳ ಪಟ್ಟಿಯನ್ನು ಪೈಥಾನ್‌ನಲ್ಲಿ ಅಕಾರಾದಿಯಾಗಿ ಜೋಡಿಸಿದಿರಿ ಎನ್ನಿ. ಕಾಳಮ್ಮನ ಹೆಸರು ಕಾವೇರಮ್ಮನಿಗಿಂತ ಮೊದಲೇ ಬಂದುಬಿಡುತ್ತದೆ! ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 3251, ‘ವ’ದ್ದು 3253.

ಕಂಪ್ಯೂಟರಿನ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್, ಕನ್ನಡಕ್ಕೆ ಬದಲಿಸಿದರೂ ಇದು ಸರಿಹೋಗದು. ಪೈಥಾನ್‌ನ ಮಾಮೂಲಿ ಸಾರ್ಟ್ ಈ ಸಂಖ್ಯೆಗಳನ್ನಷ್ಟೇ ಹೋಲಿಸುತ್ತದೆ. ಸಿ ಭಾಷೆಯ ಪ್ರೋಗ್ರಾಮ್ ಕೂಡ ‘ಸೆಟ್‌ಲೊಕೇಲ್’ ಎಂದು ಕರೆಯುವವರೆಗೆ ಆ ಸೆಟ್ಟಿಂಗ್ ಕಡೆ ತಿರುಗಿಯೂ ನೋಡದು. ಜಾವಾಸ್ಕ್ರಿಪ್ಟ್‌ನಲ್ಲಿ ಕೊಲೇಟರ್‌ಗೆ ‘ಕೆಎನ್’ ಎಂದು ಬರೆದುಕೊಟ್ಟರೆ ಕನ್ನಡದ ಕ್ರಮ ಸಿಗುತ್ತದೆ, ಬರೆಯಬೇಕಾದವರು ಪ್ರೋಗ್ರಾಮರ್.

ಪರದೆಯ ಮೇಲೆ ಹುಡುಕುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಕಾವೇರಮ್ಮನ ಕೆಳಗೆ ಹುಡುಕುವ ಕಾಳಮ್ಮ ಮಾತ್ರ, ತನ್ನ ಹೆಸರೇ ಬಿಟ್ಟುಹೋಗಿದೆ ಅಂದುಕೊಂಡು ವಾಪಸು ಹೋಗಬಹುದು.