ಬಿಲ್ ಬಾರದ ಪಂಪಿಗೂ ಖರ್ಚಿದೆ

ಕರೆಂಟ್ ಪುಕ್ಕಟೆ ಇರುವಾಗ ಉಳಿಸಿ ಏನು ಮಾಡುವುದು ಎಂದು ಮುನವಳ್ಳಿ ಸುತ್ತಿನ ಹೊಲಗಳಲ್ಲಿ ನಮ್ಮನ್ನು ಕೇಳುವವರು ಬಹಳ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರೈತ ಬಿಲ್ ಕಟ್ಟಬೇಕಿಲ್ಲ, ಖರೆ. ಆ ದುಡ್ಡನ್ನು ಸರ್ಕಾರ ಸಬ್ಸಿಡಿ ಎಂದು ಹೆಸ್ಕಾಂಗೆ ತುಂಬುತ್ತದೆ. ಆದರೆ ಸುಟ್ಟ ಮೋಟಾರಿನ ವೈಂಡಿಂಗ್ ದುಡ್ಡನ್ನು ಯಾರೂ ತುಂಬಿಕೊಡುವುದಿಲ್ಲ. ಮೋಟಾರ್ ಬಿಚ್ಚಿ ಅಂಗಡಿಗೆ ಒಯ್ದು, ಅದು ತಯಾರಾಗಿ ಬರುವಷ್ಟರಲ್ಲಿ ಹೊಲದಲ್ಲಿ ಕಬ್ಬು ಬಾಡಿರುತ್ತದೆ.

ಮೊದಲು ಲೆಕ್ಕ ನೋಡೋಣ. 5 ಎಚ್‌ಪಿ ಮೋಟಾರ್ ತಾಸಿಗೆ ಸುಮಾರು ನಾಲ್ಕೂವರೆ ಯೂನಿಟ್ ತಿನ್ನುತ್ತದೆ. ದಿನಕ್ಕೆ ಏಳು ತಾಸು ಓಡಿದರೆ ವಾರದಲ್ಲಿ 200 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗಿರುವ ಮಿತಿಯೇ ಅಷ್ಟು.

ನಮ್ಮ ದೃಷ್ಟಿಯಲ್ಲಿ ದೊಡ್ಡ ತಪ್ಪು ಆಟೋ ಸ್ಟಾರ್ಟರ್. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಒಂದು ಟಿಸಿ ಮೇಲಿನ ಎಲ್ಲ ಮೋಟಾರುಗಳು ಒಮ್ಮೆಗೇ ಎದ್ದು ನಿಲ್ಲುತ್ತವೆ. ಚಾಲೂ ಆಗುವಾಗ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ ಕೆಲಸ ಮಾಡಲು ಮೋಟಾರ್ ಇನ್ನಷ್ಟು ಆಂಪ್ಸ್ ಎಳೆದು ಬಿಸಿಯಾಗುತ್ತದೆ. ಒಬ್ಬರ ಮೋಟಾರ್ ಸುಡುತ್ತದೆ, ಇಲ್ಲವೇ ಟಿಸಿಯೇ ಹೋಗಿ ಎಲ್ಲರ ನೀರು ನಿಲ್ಲುತ್ತದೆ. ರಾತ್ರಿ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವ ಕಷ್ಟ ನಮಗೂ ಗೊತ್ತು. ಆಟೋ ಹಾಕಿದವರನ್ನು ಬಯ್ಯುವುದಿಲ್ಲ. ಹಗಲು ಕರೆಂಟ್ ಕೊಡಿ ಎಂದು ಕೇಳುವುದು ನ್ಯಾಯವೇ. ಅಲ್ಲಿಯವರೆಗೆ ಒಂದು ಟಿಸಿಯ ರೈತರು ಕೂಡಿ ಕುಳಿತು ಪಾಳಿ ಹಚ್ಚಿಕೊಳ್ಳಬಹುದಲ್ಲ? ಮೋಟಾರಿಗೆ ಒಂದು ಕೆಪಾಸಿಟರ್ ಕೂಡಿಸಿದರೂ ಲೈನಿನ ಹೊರೆ ಇಳಿದು ವೋಲ್ಟೇಜ್ ಸ್ವಲ್ಪ ಸುಧಾರಿಸುತ್ತದೆ. 5 ಎಚ್‌ಪಿಗೆ ಸಾಮಾನ್ಯವಾಗಿ 2 ಕೆವಿಎಆರ್‌ನದು ಸಾಕು. ಅದನ್ನು ಬಲ್ಲವರಿಂದಲೇ ಕೂಡಿಸಿ.

ನೀರು ಕಡಿಮೆ ಬಂತೆಂದರೆ ನಮ್ಮಲ್ಲಿ ಏಳೂವರೆ ಎಚ್‌ಪಿ ತರುವ ಮಾತು ಶುರುವಾಗುತ್ತದೆ. ದೋಷ ಬಹಳ ಸಲ ಪೈಪಿನಲ್ಲಿ ಇರುತ್ತದೆ. ಅಷ್ಟೇ ನೀರು ಎರಡೂವರೆ ಇಂಚಿನ ಬದಲು ಎರಡು ಇಂಚಿನ ಪೈಪಿನಲ್ಲಿ ಹರಿದರೆ ತಿಕ್ಕಾಟದಲ್ಲಿ ಹೋಗುವ ಶಕ್ತಿ ಸುಮಾರು ಮೂರು ಪಟ್ಟು. ಮಲಪ್ರಭೆಯ ದಂಡೆಯಿಂದ ದೂರದ ಹೊಲಕ್ಕೆ ನೀರೆತ್ತುವವರಿಗೆ ಇದು ಸಣ್ಣ ಮಾತಲ್ಲ. ಎಲ್ಬೋ ಜಾಸ್ತಿಯಾದರೂ ಅದೇ ಕಥೆ. ಕಸ ಕಟ್ಟಿದ ಫುಟ್‌ವಾಲ್ವ್ ಅಂತೂ ಮೋಟಾರನ್ನು ಸುಮ್ಮನೆ ದುಡಿಸುತ್ತದೆ.

ನವಿಲುತೀರ್ಥದ ಡ್ಯಾಮ್ ತುಂಬದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಬೇಸಿಗೆಯಲ್ಲಿ ಎಚ್‌ಪಿ ಏರಿಸಿದ ಮಾತ್ರಕ್ಕೆ ನದಿಯಲ್ಲಿ ನೀರು ಹೆಚ್ಚುವುದಿಲ್ಲ. ಹೊಸ ಮೋಟಾರಿಗೆ ಸಾಲ ಮಾಡುವ ಮೊದಲು ಒಮ್ಮೆ ಫುಟ್‌ವಾಲ್ವ್ ಎತ್ತಿ ನೋಡಿರಿ.