ಮೊದಲ ಸೂಜಿ ಯಾರಿಗೆ?

ಮದ್ದು ಕಡಿಮೆ, ಬೇಕೆನ್ನುವವರು ಹೆಚ್ಚು. ಆಗ ಸಾಲಿನ ಮುಂದೆ ಯಾರು ನಿಲ್ಲಬೇಕು? ಕೋವಿಡ್ ಮಾರಿ ಬಂದಾಗ 2021ರಲ್ಲಿ ದೇಶವೇ ಈ ಪ್ರಶ್ನೆಯನ್ನು ಎದುರಿಸಿತು. ಅಂದು ನಡೆದುದನ್ನು ಕಾರ್ಮಿಕ ಬಂಧುಗಳು ಮರೆಯಬಾರದೆಂದೇ ಈ ಮಾತೆತ್ತಿದ್ದೇವೆ.

ಆ ವರ್ಷ ಜನವರಿ 16ರಂದು ಲಸಿಕೆ ಆರಂಭವಾಯಿತು. ಮೊದಲು ವೈದ್ಯರು, ದಾದಿಯರು, ಆಸ್ಪತ್ರೆಯ ಕೆಲಸಗಾರರು. ಫೆಬ್ರವರಿಯಲ್ಲಿ ಪೊಲೀಸರು, ನಗರದ ಕಸ ಗುಡಿಸುವವರು. ಮಾರ್ಚ್ 1ರಿಂದ 60 ದಾಟಿದವರು, 45 ದಾಟಿದ ಕಾಯಿಲೆಯವರು. ರೋಗಿಯ ಮಗ್ಗುಲಲ್ಲಿ ನಿಲ್ಲುವವರಿಗೂ, ರೋಗ ತಗಲಿದರೆ ಉಳಿಯುವುದು ಕಷ್ಟವೆನಿಸುವ ಮುದುಕರಿಗೂ ಮೊದಲು ಕೊಟ್ಟದ್ದು ನ್ಯಾಯವೇ. ಅದಕ್ಕಾಗಿ ನಾವು ಹಿಂದೆ ನಿಂತುದಕ್ಕೆ ತಕರಾರಿಲ್ಲ.

ತಕರಾರಿರುವುದು ಮುಂದೆ ನಡೆದುದಕ್ಕೆ. ಮೇ 1ರಿಂದ 18 ದಾಟಿದವರಿಗೆಲ್ಲ ಬಾಗಿಲು ತೆರೆಯಿತು. ಆದರೆ ಮೊಬೈಲಿನಲ್ಲಿ ಕೋವಿನ್ ನೋಂದಣಿ ಮಾಡಿಸದೆ ಒಳಗೆ ಹೋಗುವಂತಿರಲಿಲ್ಲ. ಒಲೆಯ ಮುಂದೆ ನಿಂತ ಅಡಿಗೆಯವನು ಕೈ ಒರೆಸಿಕೊಂಡು ಮೊಬೈಲು ಹಿಡಿಯುವಷ್ಟರಲ್ಲಿ ಸರದಿ ಭರ್ತಿಯಾಗಿರುತ್ತಿತ್ತು. ದುಡ್ಡಿದ್ದವರಿಗೆ ಖಾಸಗಿ ಆಸ್ಪತ್ರೆಯಿತ್ತು. ಜೂನಿನಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿದ ಮೇಲೂ ಅಲ್ಲಿ ಒಂದು ಸಲದ ಕೋವಿಶೀಲ್ಡಿಗೆ 780 ರೂಪಾಯಿಯವರೆಗೆ, ಕೋವ್ಯಾಕ್ಸಿನಿಗೆ 1410ರವರೆಗೆ. ಎರಡು ಸಲ ಬೇಕು. ಪಗಾರ ನಿಂತವನು ಎಲ್ಲಿಂದ ತರಬೇಕು?

ಕಚೇರಿಯ ಕೆಲಸ ಮನೆಯಿಂದ ನಡೆದೀತು. ದೋಸೆ ಹುಯ್ಯುವುದು, ಮಗ್ಗ ನಡೆಸುವುದು ನಡೆಯದು. ಹತ್ತು ಜನ ಮಲಗುವ ಖೋಲಿಯಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದವರು ದೂರ ಸರಿಯಲು ಸ್ಥಳವೆಲ್ಲಿ? ಹೀಗೆ ಅಪಾಯದಲ್ಲಿ ಮುಂದಿದ್ದವನು ಸಾಲಿನಲ್ಲಿ ಹಿಂದೆ ಬಿದ್ದ.

ಕಿರಿಯರಿಗೆ ರಾಜ್ಯಗಳ ಹಾಗೂ ಖಾಸಗಿ ಆಸ್ಪತ್ರೆಗಳ ಮೂಲಕ ಹಣಕ್ಕೆ ಲಸಿಕೆ ಕೊಡುವ ನೀತಿ ಮೇಲ್ನೋಟಕ್ಕೇ ವಿವೇಚನೆಯಿಲ್ಲದ್ದೆಂದು ಸುಪ್ರೀಂ ಕೋರ್ಟು ಮೇ 31ರ ಆದೇಶದಲ್ಲಿ ಹೇಳಿತು. ಮೊಬೈಲಿಲ್ಲದವರ ಗತಿಯೇನೆಂದೂ ಕೇಳಿತು. ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ ವಯಸ್ಕರೆಲ್ಲರಿಗೂ ಪುಕ್ಕಟೆಯಾಯಿತು. ನೇರವಾಗಿ ಹೋದವರಿಗೂ ಸಿಕ್ಕಿತು. ಆಗಬಹುದಾದದ್ದು ಮೊದಲೇ ಏಕೆ ಆಗಲಿಲ್ಲ?

ಮತ್ತೊಂದು ಮಾರಿ ಬಾರದಿರಲಿ. ಬಂದರೆ, ಸರದಿಯನ್ನು ಅಪಾಯ ನೋಡಿ ಗೊತ್ತುಮಾಡಬೇಕು, ಜೇಬು ನೋಡಿ ಅಲ್ಲ. ಪಾಳಿ ಮುಗಿಯುವ ಹೊತ್ತಿಗೆ ಹೋಟೆಲಿನ, ಗಿರಣಿಯ ಬಾಗಿಲಿಗೇ ಸೂಜಿ ಬರಬೇಕು. ಮರುದಿನ ಮೈ ಕಾದರೆ ಪಗಾರ ಕಡಿಯಬಾರದು.

ಬಂಧುಗಳೇ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಯಾವ ಪಟ್ಟಿಗೂ ಸೇರನು. ನಿಮ್ಮ ಹೆಸರು ಬರೆಸಿಕೊಳ್ಳಿರಿ. ಮೂವತ್ತು ಜನರಿಗೆ ಹತ್ತೇ ಮದ್ದು ಬಂದ ದಿನ, ಮಾಲಿಕರಿಗೆ ಬೇಕಾದವನನ್ನಲ್ಲ, ಸಕ್ಕರೆ ಕಾಯಿಲೆಯ ಹಿರಿಯ ಅಡಿಗೆಯವರನ್ನು ಮುಂದೆ ಕಳಿಸಿರಿ. ಸರ್ಕಾರದಿಂದ ನ್ಯಾಯ ಕೇಳುವ ನಾವು ನಮ್ಮ ಖೋಲಿಯಲ್ಲಿಯೂ ಅದನ್ನು ನಡೆಸಬೇಕು.