ಇನ್ಹೇಲರ್‌ನ ಬ್ಯಾಗಲ್ಲಿ ಬಚ್ಚಿಟ್ಟಿದ್ದು ಸಾಕು

(1/7)
"ಇನ್ಹೇಲರ್ ಹಿಡಿದ್ರೆ ಅದೇ ಅಭ್ಯಾಸ ಆಗ್ಬಿಡ್ತದೆ."
ಹಿರೀಸಾವೆಯಿಂದ ಹಾಸನದವರೆಗೆ ಯಾರನ್ನ ಕೇಳಿದ್ರೂ ಇದೇ ಮಾತು. ಹೇಳೋರಿಗೆ ಕೆಟ್ಟ ಉದ್ದೇಶ ಏನಿಲ್ಲ. ಆದ್ರೆ ಈ ಮಾತು ನಂಬಿ ಎಷ್ಟೋ ಜನ ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತು ಬೆಳಗು ಮಾಡ್ತಿದ್ದಾರೆ. ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಜಗಳ ಆಡೋಣ.

(2/7)
ಗೂರಲು ಅಂದ್ರೆ ಶ್ವಾಸನಾಳದ ಒಳಗಿನ ಊತ. ನಾಳ ಕಿರಿದಾಗ್ತದೆ, ಕಫ ಕಟ್ತದೆ, ಉಸಿರು ಬಿಡುವಾಗ ಸುಂಯ್ ಅಂತದೆ. ರಾಗಿ ಒಕ್ಕಣೆ ಧೂಳು, ತೆಂಗಿನ ನಾರಿನ ಧೂಳು, ಒಲೆ ಹೊಗೆ, ಸೊಳ್ಳೆ ಬತ್ತಿ, ಚಳಿ ಗಾಳಿ ಯಾವುದಾದ್ರೂ ಇದನ್ನ ಕೆರಳಿಸಬಹುದು. ಕಾಯಿಲೆ ದಿನಾ ಇರೋದ್ರಿಂದ ಔಷಧಿನೂ ದಿನಾ ಬೇಕಾಗ್ತದೆ. ದಿನಾ ಕನ್ನಡಕ ಹಾಕೋರಿಗೆ "ನಿಂಗೆ ಕನ್ನಡಕದ ಚಟ" ಅಂತೀವಾ?

(3/7)
"ಇನ್ಹೇಲರ್ ಪವರ್ ಜಾಸ್ತಿ, ಮಾತ್ರೆನೇ ವಾಸಿ" ಅನ್ನೋರಿಗೆ ಒಂದು ಲೆಕ್ಕ.
ಸಾಲ್ಬುಟಮಾಲ್ ಮಾತ್ರೆ ಒಂದಕ್ಕೆ 4 ಮಿಲಿಗ್ರಾಂ, ಅಂದ್ರೆ 4000 ಮೈಕ್ರೋಗ್ರಾಂ. ಇನ್ಹೇಲರ್‌ನ ಒಂದು ಪಫ್‌ನಲ್ಲಿ ಅದೇ ಔಷಧಿ 100 ಮೈಕ್ರೋಗ್ರಾಂ. 40 ಪಟ್ಟು ವ್ಯತ್ಯಾಸ! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲಾ ಸುತ್ತಿ ಆಮೇಲೆ ಶ್ವಾಸಕೋಶಕ್ಕೆ ಬರಬೇಕು. ಕೈ ನಡುಗೋದು, ಎದೆ ಹೊಡ್ಕೊಳ್ಳೋದು ಅದಕ್ಕೇ ಜಾಸ್ತಿ. ಪಫ್ ನೇರ ಬೇಕಾದ ಜಾಗಕ್ಕೇ ಹೋಗ್ತದೆ.

(4/7)
ಇನ್ಹೇಲರ್ ಇಟ್ಕೊಂಡಿರೋರಿಗೂ ಒಂದು ಮಾತಿದೆ. ಬರೀ ಸಾಲ್ಬುಟಮಾಲ್ ಎಳ್ಕೊಂಡು "ಸರಿಹೋಯ್ತು" ಅಂತೀರಲ್ಲ, ಅದು ನಾಳ ಅಗಲ ಮಾಡ್ತದೆ ಅಷ್ಟೆ, ಊತ ಇಳಿಸಲ್ಲ. ಊತ ಇಳಿಸೋದು ಬುಡೆಸೊನೈಡ್ ಥರದ ಸ್ಟೀರಾಯ್ಡ್ ಇರೋ ಕಂಟ್ರೋಲರ್ ಇನ್ಹೇಲರ್. ಬರೀ ಸಾಲ್ಬುಟಮಾಲ್ ನಂಬ್ಕೊಂಡು ಇರೋದು ಬೇಡ ಅಂತ ಜಾಗತಿಕ ಅಸ್ತಮಾ ಮಾರ್ಗಸೂಚಿ 'ಜೀನಾ' 2019ರಲ್ಲೇ ಹೇಳಿದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು 13% ಭಾರತದಲ್ಲಿದ್ದಾರೆ, ಸಾವುಗಳಲ್ಲಿ ನಮ್ಮ ಪಾಲು 40%ಕ್ಕೂ ಜಾಸ್ತಿ ಅನ್ನೋ ಅಂದಾಜಿದೆ. ಈ ಎರಡು ಅಂಕಿ ನಡುವಿನ ಅಂತರ ನೋಡಿ. ಕಂಟ್ರೋಲರ್ ತಗೊಳ್ಳದೇ ಇರೋದು ಅದಕ್ಕೆ ದೊಡ್ಡ ಕಾರಣ.

(5/7)
ಈಗ ಮೀನಿನ ವಿಷ್ಯ. ಪ್ರತಿ ಜೂನ್‌ನಲ್ಲಿ ಮೃಗಶಿರಾ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಜೀವಂತ ಮೀನಿನ ಬಾಯಿಗೆ ಔಷಧಿ ಇಟ್ಟು ನುಂಗಿಸ್ತಾರೆ. ಕರ್ನಾಟಕದಿಂದಲೂ ಜನ ಹೋಗ್ತಾರೆ. ಮೊದಲು ಔಷಧಿ ಅಂತಿದ್ರು, ವಿಜ್ಞಾನ ಸಂಘಟನೆಗಳು ಪ್ರಶ್ನೆ ಮಾಡಿದ ಮೇಲೆ ಈಗ 'ಪ್ರಸಾದ' ಅಂತಾರೆ. ಭಕ್ತಿಯಿಂದ ತಗೊಳ್ಳಿ, ನಂದೇನೂ ತಕರಾರಿಲ್ಲ. ಆದ್ರೆ ನುಂಗಿದ ಮೀನು ಹೊಟ್ಟೆಗೆ ಹೋಗ್ತದೆ, ಶ್ವಾಸಕೋಶಕ್ಕಲ್ಲ.
"ಆದ್ರೂ ನಮ್ಮ ಮಾವಂಗೆ ವಾಸಿ ಆಯ್ತಲ್ಲ?" ಅಸ್ತಮಾ ತಾನಾಗೇ ಏರ್ತದೆ, ತಾನಾಗೇ ಇಳೀತದೆ. ಇಳಿಯೋ ಮುಂಚೆ ಏನು ತಿಂದಿದ್ರೋ ಹೆಸರು ಅದಕ್ಕೆ ಬರ್ತದೆ, ಮೀನಾಗಲಿ ಕಷಾಯವಾಗಲಿ.

(6/7)
ಇದಕ್ಕಿಂತ ಅಪಾಯ ಅಂದ್ರೆ ಹೆಸರು, ಲೇಬಲ್ ಏನೂ ಇಲ್ಲದ ಪೊಟ್ಟಣದ ಪುಡಿ. ಎರಡೇ ದಿನಕ್ಕೆ ಪವಾಡ! ಇಂಥ 'ಗಿಡಮೂಲಿಕೆ' ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಸಿಕ್ಕಿರೋ ಉದಾಹರಣೆಗಳಿವೆ. ಇನ್ಹೇಲರ್‌ನ ಚಿಟಿಕೆ ಸ್ಟೀರಾಯ್ಡ್‌ಗೆ ಹೆದರಿ, ಲೆಕ್ಕಾನೇ ಇಲ್ಲದ ಸ್ಟೀರಾಯ್ಡ್ ನುಂಗೋದು ಯಾವ ನ್ಯಾಯ? ಮುಖ ಊದೋದು, ಶುಗರ್ ಏರೋದು, ಮೂಳೆ ಸವೆಯೋದು ಇದರಿಂದ.
ಖರ್ಚು ಅಂತೀರಾ? ಬಿಕಾಂ ಲೆಕ್ಕ ಹಾಕೋಣ. 200 ಪಫ್ ಇರೋ ಇನ್ಹೇಲರ್, ದಿನಕ್ಕೆ 4 ಪಫ್ ಅಂದ್ರೆ 50 ದಿನ. ನಮ್ಮ ಮೊಬೈಲ್ ರೀಚಾರ್ಜ್ 28 ದಿನ.

(7/7)
ಕೊನೆಗೆ ನಿಜವಾದ ಕಾರಣ: ನಾಚಿಕೆ. "ಹುಡುಗಿಗೆ ಗೂರಲು ಅಂತ ಗೊತ್ತಾದ್ರೆ ಸಂಬಂಧ ಬರಲ್ಲ." ಅದಕ್ಕೇ ಹುಡುಗೀರು ಬಾತ್‌ರೂಮಲ್ಲಿ ಪಫ್ ತಗೊಳ್ಳೋದು, ಮದುವೆ ಆದ್ಮೇಲೆ ನಿಲ್ಲಿಸೇ ಬಿಡೋದು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಮಾಡಿದ ಅಧ್ಯಯನದಲ್ಲಿ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ 9% ಇದ್ದಿದ್ದು 1999ರಲ್ಲಿ 29.5% ಆಗಿತ್ತು. ಇಷ್ಟು ಜನಕ್ಕೆ ಇರೋದನ್ನ ಇನ್ನೂ ಎಷ್ಟು ದಿನ ಮುಚ್ಚಿಡ್ತೀರಾ?
ಕ್ಲಾಸಲ್ಲಿ ಯಾರಾದ್ರೂ ಪಫ್ ತಗೊಂಡ್ರೆ ಗುರಾಯಿಸಬೇಡಿ. ನಿಮಗೇ ಇದ್ರೆ "ನಂಗೆ ಕಂಟ್ರೋಲರ್ ಬೇಕಾ? ಸ್ಪೇಸರ್ ಬೇಕಾ?" ಅಂತ ಡಾಕ್ಟರ್‌ನ ಬಾಯಿಬಿಟ್ಟು ಕೇಳಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ. ಆರಾಮಾಯ್ತು ಅಂತ ನೀವೇ ನಿಲ್ಲಿಸಬೇಡಿ. ಯಾರಾದ್ರೂ ಒಂದು ವಾಕ್ಯ ಪೂರ್ತಿ ಮಾತಾಡೋಕೂ ಆಗದೆ ಏದುಸಿರು ಬಿಡ್ತಿದ್ರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಅವರ ರಿಲೀವರ್ ಕೊಡಿ, 108ಕ್ಕೆ ಫೋನ್ ಮಾಡಿ.
ಸೇವ್ ಮಾಡ್ಕೊಳ್ಳಿ. ಮನೆ ಗ್ರೂಪಿಗೂ ಹಾಕಿ, ದೊಡ್ಡೋರು ಬೈದ್ರೆ ಬೈಲಿ.

#ಗೂರಲು #ಇನ್ಹೇಲರ್ #ಹಿರೀಸಾವೆ #ಚನ್ನರಾಯಪಟ್ಟಣ #ಹಾಸನ